ಗೋಂದಿನ ಶೂ, ಪ್ಲಾಸ್ಟಿಕ್ ಶೂ: ಒಂದು ರಿಹರ್ಸಲ್ ಸೀಸನ್ ಪೂರ್ತಿ ಹಾಕಿ ನೋಡಿದೆ

ಶುಕ್ರವಾರ ರಾತ್ರಿ 8:30ಕ್ಕೆ ರಿಹರ್ಸಲ್ ಮುಗಿಯುತ್ತದೆ. ಶನಿವಾರ ಬೆಳಗ್ಗೆ 9ಕ್ಕೆ ಮತ್ತೆ ಕ್ಲಾಸ್. ನಡುವೆ ಸಿಗುವುದು ಹನ್ನೆರಡೂವರೆ ಗಂಟೆ. ಅಷ್ಟರಲ್ಲಿ ಮನೆ ಸೇರಬೇಕು, ಊಟ ಮಾಡಬೇಕು, ಹೋಂವರ್ಕ್ ಮುಗಿಸಬೇಕು, ಮಲಗಬೇಕು. ನಾನು ಹೇಗೋ ಸುಧಾರಿಸಿಕೊಳ್ಳುತ್ತೇನೆ. ನನ್ನ ಪಾಯಿಂಟ್ ಶೂ ಸುಧಾರಿಸಿಕೊಳ್ಳುವುದಿಲ್ಲ. ಬೆವರಲ್ಲಿ ನೆಂದ ಶೂ ಸರಿಯಾಗಿ ಒಣಗಬೇಕಾದರೆ ಒಂದು ಇಡೀ ದಿನವಾದರೂ ಬೇಕು.

ಬ್ಯಾಲೆಯಲ್ಲಿ ಕಾಲ್ಬೆರಳ ತುದಿಯ ಮೇಲೆ ನಿಲ್ಲಲು ಹಾಕುವ ಸ್ಯಾಟಿನ್ ಶೂ ಇದು. ತುಂಬಾ ಜನ ಇದರೊಳಗೆ ಮರದ ತುಂಡು ಇದೆ ಅಂದುಕೊಂಡಿರುತ್ತಾರೆ. ಮರವೂ ಇಲ್ಲ, ಕಬ್ಬಿಣವೂ ಇಲ್ಲ. ಬೆರಳುಗಳನ್ನು ಸುತ್ತಿಕೊಳ್ಳುವ ಗಟ್ಟಿ ಭಾಗಕ್ಕೆ ಬಾಕ್ಸ್ ಅನ್ನುತ್ತಾರೆ. ಬಟ್ಟೆ, ಕಾಗದದ ಪದರಗಳಿಗೆ ಗೋಂದು ಹಚ್ಚಿ, ಒಂದರ ಮೇಲೊಂದು ಅಂಟಿಸಿ ಒಣಗಿಸಿದರೆ ಅದೇ ಬಾಕ್ಸ್. ಪಾದದಡಿ ಬೆನ್ನುಮೂಳೆಯ ಹಾಗೆ ಒಂದು ಪಟ್ಟಿ ಇರುತ್ತದೆ, ಅದು ಶ್ಯಾಂಕ್. ಅದನ್ನು ಚರ್ಮ, ರಟ್ಟು ಇಂಥದ್ದರಿಂದ ಮಾಡಿರುತ್ತಾರೆ. ಇಂಥ ಶೂಗೆ ದಿನಾ ಬೆವರು ಕುಡಿಸಿದರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ.

ಈಗ ನನ್ನ ವಾರ ನೋಡಿ. ಸೋಮವಾರದಿಂದ ಶುಕ್ರವಾರದವರೆಗೆ ಸ್ಕೂಲ್ ಮುಗಿಸಿ ಸಂಜೆ 5ಕ್ಕೆ ಒಂದೂವರೆ ಗಂಟೆಯ ಕ್ಲಾಸ್, ಅದು ಮೆತ್ತನೆಯ ಶೂನಲ್ಲಿ. ಮಂಗಳವಾರ, ಗುರುವಾರ ಅದರ ಮೇಲೆ 45 ನಿಮಿಷ ಪಾಯಿಂಟ್ ಕ್ಲಾಸ್. ಬುಧವಾರ, ಶುಕ್ರವಾರ ರಿಹರ್ಸಲ್. ಶನಿವಾರ ಬೆಳಗ್ಗೆ ಕ್ಲಾಸ್, ಆಮೇಲೆ ಸಂಜೆ 4ರವರೆಗೆ ರಿಹರ್ಸಲ್. ಭಾನುವಾರ ರಜೆ, ಅಂದರೆ ಬಟ್ಟೆ ಒಗೆಯುವ ದಿನ. ಬರೀ ಪಾಯಿಂಟ್ ಶೂನಲ್ಲಿ ಕುಣಿದ ಹೊತ್ತನ್ನು ಲೆಕ್ಕ ಹಾಕಿದರೆ ವಾರಕ್ಕೆ ಸುಮಾರು 6 ಗಂಟೆ. ಅದರಲ್ಲಿ ಎರಡೂವರೆ ಗಂಟೆ ಶನಿವಾರ ಒಂದೇ ದಿನ.

ಈ ಸಲ ನಮ್ಮದು ನಟ್‌ಕ್ರ್ಯಾಕರ್ ಅನ್ನುವ ಬ್ಯಾಲೆ. 1892ರ ಡಿಸೆಂಬರ್‌ನಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನ ಮರಿನ್ಸ್ಕಿ ಥಿಯೇಟರ್‌ನಲ್ಲಿ ಮೊದಲು ಆಡಿದ್ದು, ಸಂಗೀತ ಚೈಕೋವ್ಸ್ಕಿಯದು. ಮೊದಲ ಅಂಕದ ಕೊನೆಗೆ ಬರುವ ಹಿಮದ ವಾಲ್ಟ್ಸ್ ನೃತ್ಯದಲ್ಲಿ ನಾನು ಹದಿನಾರು ಹಿಮದ ಹರಳುಗಳಲ್ಲಿ ಒಂದು. ನೋಡುವವರಿಗೆ ಹಗುರವಾಗಿ ಕಾಣುತ್ತದೆ. ನಮಗೆ ಬರೀ ಓಟ, ಜಿಗಿತ, ಮತ್ತೆ ಓಟ. ಈ ಸೀಸನ್‌ನಲ್ಲಿ ಮೂರು ರೀತಿ ಶೂ ಹಾಕಿ ನೋಡಿದೆ, ಗಂಟೆ ಲೆಕ್ಕವನ್ನು ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆದಿಟ್ಟೆ. ಇದು ನನ್ನ ಎರಡು ಪಾದಗಳ ಲೆಕ್ಕ ಮಾತ್ರ, ನಿಮ್ಮದು ಬೇರೆ ಬರಬಹುದು.

ಮೊದಲು ಗೋಂದಿನ ಶೂ, ಒಂದೇ ಜೋಡಿ, ಎಲ್ಲದಕ್ಕೂ ಅದೇ. ಮೊದಲ ವಾರ ಸ್ವರ್ಗ. ಗೋಂದಿನ ಶೂನ ದೊಡ್ಡ ಗುಣವೇ ಇದು. ಪಾದದ ಬಿಸಿಗೆ, ಬೆವರಿಗೆ ಸ್ವಲ್ಪ ಸಡಿಲಾಗಿ ನಿಮ್ಮ ಕಾಲಿನ ಆಕಾರಕ್ಕೇ ಬಂದುಬಿಡುತ್ತದೆ. ಗುರುವಾರದ ಹೊತ್ತಿಗೆ ಅದು ನನ್ನದೇ ಚರ್ಮದ ಹಾಗಿತ್ತು. ಆದರೆ ಯಾವುದು ಅದನ್ನು ಹದ ಮಾಡುತ್ತದೋ ಅದೇ ಅದನ್ನು ಕೊಲ್ಲುತ್ತದೆ. ಶುಕ್ರವಾರ ರಾತ್ರಿ ಒದ್ದೆಯಾದ ಶೂ ಶನಿವಾರ ಬೆಳಗ್ಗೆಯೂ ಒಳಗೆ ತಣ್ಣಗೇ ಇತ್ತು. ಹೇರ್ ಡ್ರೈಯರ್ ಹಿಡಿದು ನೋಡಿದೆ. ಮೇಲಿನ ಸ್ಯಾಟಿನ್ ಒಣಗಿತು, ಒಳಗಿನ ಪದರಗಳು ಹಾಗೇ ಹಸಿ.

ಎರಡನೇ ಶನಿವಾರ ವಾಲ್ಟ್ಸ್‌ನ ನಡುವೆ ಬಲಗಾಲಿನ ಶೂ ಕೈಕೊಟ್ಟಿತು. ಮುರಿದ ಸದ್ದೇನೂ ಬರಲಿಲ್ಲ. ಸುಮ್ನೆ ಕರಗಿದ ಹಾಗಾಯಿತು. ಬಾಕ್ಸ್ ಮೆತ್ತಗಾಗಿ ಬೆರಳುಗಳು ಕೆಳಗೆ ಜಾರಿದವು, ಇಡೀ ಭಾರ ಹೆಬ್ಬೆರಳ ಉಗುರಿನ ಮೇಲೆ ಬಿತ್ತು. ಟೀಚರ್ ದೂರದಿಂದಲೇ ಹೇಳಿದರು, "ನೀನು ಶೂ ಮೇಲೆ ನಿಂತಿಲ್ಲ, ಶೂ ಒಳಗೆ ಕೂತಿದ್ದೀಯ." ನೋಟ್‌ಬುಕ್ ನೋಡಿದರೆ ಹತ್ತೂವರೆ ಗಂಟೆ. ಉಗುರು ಎರಡು ವಾರ ನೀಲಿಯಾಗಿತ್ತು.

ಎರಡನೆಯದು ಅದೇ ಗೋಂದಿನ ಶೂ, ಆದರೆ ಎರಡು ಜೋಡಿ, ಒಂದಾದ ಮೇಲೊಂದು ಸರದಿಯಲ್ಲಿ. ಮಂಗಳವಾರ 1ನೇ ಜೋಡಿ, ಬುಧವಾರ 2, ಗುರುವಾರ 1, ಶುಕ್ರವಾರ 2, ಶನಿವಾರ 1. ಹೀಗಾದಾಗ ಗುರುವಾರ ಸಂಜೆ ಕಳಚಿದ ಜೋಡಿ ಮತ್ತೆ ಕಾಲಿಗೆ ಬರುವುದು ಶನಿವಾರ ಬೆಳಗ್ಗೆ. ಶನಿವಾರದ ಹೊರೆ ಒಂದೇ ಜೋಡಿಯ ಮೇಲೆ ಬೀಳದ ಹಾಗೆ ಮುಂದಿನ ವಾರ ಸರದಿ ತಿರುಗಿಸುತ್ತಿದ್ದೆ. ಚೀಲದಲ್ಲಿ ಮುಚ್ಚಿಡುತ್ತಿರಲಿಲ್ಲ. ಒಳಗಿನ ಪ್ಯಾಡ್ ತೆಗೆದು, ಬಾಯಿ ಅಗಲಿಸಿ, ಗಾಳಿಯಾಡುವ ಕಡೆ ನೇತುಹಾಕುತ್ತಿದ್ದೆ.

ಫಲ ಸಿಕ್ಕಿತು. ಒಂದು ಹಾಳಾದ ಮೇಲೆ ಇನ್ನೊಂದು ಅಂತ ಹಾಕಿದ್ದರೆ ಎರಡು ಜೋಡಿ ಮೂರೂವರೆ ವಾರಕ್ಕೆ ಮುಗಿಯಬೇಕಿತ್ತು. ಸರದಿಯಲ್ಲಿ ನಾಲ್ಕೂವರೆ ವಾರ ಬಂದವು, ಒಂದೊಂದೂ 13 ಗಂಟೆ ದಾಟಿತು. ಕುಣಿದದ್ದು ಕಡಿಮೆಯಾಗಿರಲಿಲ್ಲ. ನಡುವೆ ಒಣಗಲು ಬಿಟ್ಟೆ, ಅಷ್ಟೇ.

ಇದರ ಬೆಲೆ ನಿದ್ದೆಯಲ್ಲಿ ಕಟ್ಟಬೇಕು. ಪಾಯಿಂಟ್ ಶೂ ಅಂಗಡಿಯಿಂದ ರಿಬ್ಬನ್ ಹೊಲಿದುಕೊಂಡು ಬರುವುದಿಲ್ಲ. ನಾಲ್ಕು ರಿಬ್ಬನ್ ತುಂಡು ಕತ್ತರಿಸಿ, ನೂಲು ಬಿಡದ ಹಾಗೆ ತುದಿ ಸುಟ್ಟು, ಹೊಲಿದು, ಹಿಮ್ಮಡಿಗೆ ಎಲಾಸ್ಟಿಕ್ ಹಾಕಿ, ಆಮೇಲೆ ಶೂನ ಮೂತಿಗೆ ದಪ್ಪ ದಾರದಲ್ಲಿ ಸುತ್ತಲೂ ಹೊಲಿಗೆ. ಈ ಮೂತಿಯ ಹೊಲಿಗೆ ಹಳೆಯ ಕಾಲದ್ದು. 1832ರಲ್ಲಿ ಪ್ಯಾರಿಸ್‌ನಲ್ಲಿ ಮಾರಿ ತಾಲ್ಯೋನಿ ಅನ್ನುವ ನರ್ತಕಿ ಬೆರಳ ತುದಿಯಲ್ಲಿ ನಿಂತು ಹೆಸರಾದಾಗ ಶೂಗೆ ಗಟ್ಟಿ ಬಾಕ್ಸೇ ಇರಲಿಲ್ಲ. ಮೆತ್ತನೆಯ ಸ್ಯಾಟಿನ್ ಶೂ, ಅದಕ್ಕೆ ಆಸರೆ ಈ ಹೊಲಿಗೆಯೇ. ಈಗ ನಮಗೆ ಅದು ಸ್ಯಾಟಿನ್ ಹರಿಯದಿರಲಿ, ನೆಲ ಜಾರದಿರಲಿ ಅಂತ. ಎಲ್ಲ ಸೇರಿ ಒಂದು ಜೋಡಿಗೆ ನನಗೆ ಒಂದೂವರೆ ಗಂಟೆ. ಕೆಮಿಸ್ಟ್ರಿ ಪಾಠ ತೊಡೆಯ ಮೇಲಿಟ್ಟುಕೊಂಡು ಹೊಲಿದಿದ್ದೇನೆ. ಪಾಠ ತಲೆಗೆ ಹೋಗಲಿಲ್ಲ, ಸೂಜಿ ಬೆರಳಿಗೆ ಹೋಯಿತು.

ಇನ್ನೊಂದು ತೊಡಕು ಕೂಡ ಇದೆ. ಇವು ಕೈಯಲ್ಲಿ ಮಾಡಿದ ಶೂಗಳು, ಒಂದೇ ಸೈಜಿನ ಎರಡು ಜೋಡಿ ಅವಳಿ ಆಗಿರುವುದಿಲ್ಲ. 1929ರಲ್ಲಿ ಶುರುವಾದ ಲಂಡನ್‌ನ ಫ್ರೀಡ್ ಕಂಪನಿಯಲ್ಲಿ ಪ್ರತಿ ಕುಶಲಕರ್ಮಿಗೂ ತನ್ನದೇ ಮುದ್ರೆ ಇದೆ. ಶೂ ಅಡಿಯಲ್ಲಿ ಆ ಗುರುತು ನೋಡಿ ನರ್ತಕಿಯರು ಅದೇ ಕೈಯ ಶೂ ಬೇಕು ಅಂತ ಕೇಳುತ್ತಾರೆ. ಮೊದಲು ಇದು ಬರೀ ಜಂಬ ಅಂದುಕೊಂಡಿದ್ದೆ. ನನ್ನದು ಬೇರೆ ಕಂಪನಿಯ ಶೂ. ಅದರ 2ನೇ ಜೋಡಿ ಹಿಮ್ಮಡಿಯಲ್ಲಿ ಕೂದಲೆಳೆಯಷ್ಟು ದೊಡ್ಡದಿತ್ತು. ಒಂದು ದಿನ ಬಿಟ್ಟು ಒಂದು ದಿನ ನನ್ನ ಬ್ಯಾಲೆನ್ಸ್ ಯಾಕೆ ಕೆಡುತ್ತದೆ ಅಂತ ಹತ್ತು ದಿನ ತಲೆ ಕೆಡಿಸಿಕೊಂಡೆ.

ಸೂಪರ್ ಗ್ಲೂ ಬಗ್ಗೆ ಒಂದು ಮಾತು. ಮೆತ್ತಗಾಗುತ್ತಿರುವ ಬಾಕ್ಸ್ ಒಳಗೆ ಮೂತಿಯ ಹತ್ತಿರ ನಾಲ್ಕು ಹನಿ ಬಿಟ್ಟರೆ ಅದು ಮತ್ತೆ ಗಟ್ಟಿಯಾಗುತ್ತದೆ. ದೊಡ್ಡ ದೊಡ್ಡ ಬ್ಯಾಲೆ ತಂಡಗಳ ನರ್ತಕಿಯರೂ ಮಾಡುತ್ತಾರೆ. ನನಗೆ ಒಂದು ಶನಿವಾರ ಉಳಿಸಿಕೊಟ್ಟಿತು. ಆದರೆ ಪೂರ್ತಿ ಒಣಗಿದ ಶೂಗೇ ಹಾಕಿ, ಕಿಟಕಿ ತೆಗೆದಿಡಿ, ಹತ್ತಿಯಿಂದ ಮಾತ್ರ ಒರೆಸಬೇಡಿ. ಹತ್ತಿಗೆ ತಾಗಿದರೆ ಅದು ಸುಡುವಷ್ಟು ಬಿಸಿಯಾಗುತ್ತದೆ. ನನ್ನ ಬೆರಳಿಗೆ ಗೊತ್ತು.

ಮೂರನೆಯದು ಪ್ಲಾಸ್ಟಿಕ್ ಶೂ. ಹೊರಗಡೆ ಅದೇ ಸ್ಯಾಟಿನ್. ಒಳಗೆ ಗೋಂದು, ರಟ್ಟಿನ ಬದಲು ರಬ್ಬರಿನ ಹಾಗೆ ಬಾಗಿ ವಾಪಸ್ ಬರುವ ಪ್ಲಾಸ್ಟಿಕ್ಕಿನ ಬಾಕ್ಸ್, ಶ್ಯಾಂಕ್. ಬೆವರಿಗೆ ಇದು ಕರಗುವುದಿಲ್ಲ. ಶುಕ್ರವಾರ ರಾತ್ರಿ ಹೇಗಿತ್ತೋ ಶನಿವಾರ ಬೆಳಗ್ಗೆ ಹಾಗೇ. ಆರು ವಾರ ಅಂದರೆ 30 ಗಂಟೆಗೂ ಜಾಸ್ತಿ ಹಾಕಿದ ಮೇಲೂ ಶ್ಯಾಂಕ್ ಮೊದಲ ದಿನದಷ್ಟೇ ಗಟ್ಟಿ. ಸ್ಯಾಟಿನ್ ಮಾತ್ರ ಮೂತಿಯಲ್ಲಿ ಹರಿದು ಚಿಂದಿಯಾಗಿದೆ.

ಸದ್ದಿನಲ್ಲಂತೂ ಎರಡಕ್ಕೂ ಹೋಲಿಕೆಯೇ ಇಲ್ಲ. ಹೊಸ ಗೋಂದಿನ ಶೂ ಟಕ್ ಟಕ್ ಅನ್ನುತ್ತದೆ. ಅದನ್ನು ಕಡಿಮೆ ಮಾಡಲು ನಾವು ಮೂತಿಯನ್ನು ಮೆಟ್ಟಿಲಿಗೆ ಬಡಿಯುತ್ತೇವೆ, ಅಲ್ಲಿಗೆ ಅದರ ಆಯಸ್ಸು ಇನ್ನಷ್ಟು ಕಡಿಮೆ. ಹದಿನಾರು ಜನ ಓಡುವ ವಾಲ್ಟ್ಸ್‌ನಲ್ಲಿ ಈ ಟಕ್ ಟಕ್ ಸೇರಿದರೆ ಹಿಮ ಬಿದ್ದ ಹಾಗಿರುವುದಿಲ್ಲ, ಆಲಿಕಲ್ಲು ಬಿದ್ದ ಹಾಗಿರುತ್ತದೆ. ಪ್ಲಾಸ್ಟಿಕ್ ಶೂ ಬಡಿಯದೆಯೇ ಮೆತ್ತಗೆ ಇಳಿಯುತ್ತದೆ.

ಹಾಗಾದರೆ ಎಲ್ಲರೂ ಇದನ್ನೇ ಯಾಕೆ ಹಾಕುವುದಿಲ್ಲ? ಮೊದಲನೆಯದು, ಇದು ನಿಮ್ಮ ಕಾಲಿಗೆ ಒಗ್ಗುವುದಿಲ್ಲ. ಗೋಂದಿನ ಶೂ ಅರ್ಧ ದಾರಿ ನಿಮ್ಮ ಕಡೆ ಬರುತ್ತದೆ, ಇದು ಇದ್ದಲ್ಲೇ ಇರುತ್ತದೆ. ಅಳತೆ ಮೊದಲ ದಿನವೇ ಕರಾರುವಾಕ್ಕಾಗಿ ಕೂರಬೇಕು. ನನಗೆ ಎರಡು ವಾರ ಹಿಮ್ಮಡಿಯಲ್ಲಿ ಬೊಬ್ಬೆ. ಬೆಲೆಯೂ ಗೋಂದಿನ ಶೂಗಿಂತ ಜಾಸ್ತಿ, ಹಾಗಾಗಿ ಅಳತೆ ತಪ್ಪಿದರೆ ಹೊಟ್ಟೆ ಉರಿಯುತ್ತದೆ.

ಎರಡನೆಯದು ನಮ್ಮ ಟೀಚರ್ ಹೇಳಿದ್ದು. "ರಿಹರ್ಸಲ್‌ಗೆ ಏನು ಬೇಕಾದರೂ ಹಾಕು. ಕ್ಲಾಸಿಗೆ ಮಾತ್ರ ಗೋಂದಿನದು. ಪಾದ ಕೆಲಸ ಮಾಡ್ತಿದೆಯೋ ಶೂ ಕೆಲಸ ಮಾಡ್ತಿದೆಯೋ ನನಗೆ ಕಾಣಬೇಕು." ಹಳೆಯ ಕಾಲದವರ ಹಟ ಅಂದುಕೊಂಡೆ. ಮೂರು ವಾರ ಎಲ್ಲದಕ್ಕೂ ಪ್ಲಾಸ್ಟಿಕ್ಕೇ ಹಾಕಿದೆ. ಬೆರಳ ತುದಿಗೆ ಹತ್ತುವಾಗ ಈ ಶೂ ಸ್ಪ್ರಿಂಗಿನ ಹಾಗೆ ಎತ್ತಿಕೊಡುತ್ತದೆ, ಮಜಾ ಇರುತ್ತದೆ. ಆಮೇಲೆ ಒಂದು ಮಂಗಳವಾರ ಗೋಂದಿನ ಶೂ ಹಾಕಿ ಬಾರ್, ಅಂದರೆ ಅಭ್ಯಾಸಕ್ಕೆ ಆಸರೆಯಾಗಿ ಹಿಡಿಯುವ ಅಡ್ಡ ಸರಳು, ಹಿಡಿದು ನಿಂತೆ. ಹತ್ತಿದ್ದೇನೋ ಸರಿ. ಇಳಿಯುವಾಗ ಪಾದವನ್ನು ಒಂದೊಂದೇ ಭಾಗವಾಗಿ ನೆಲಕ್ಕೆ ಇಡಬೇಕು, ನಾನು ಧಡ್ ಅಂತ ಇಳಿದೆ. ಎಂಟನೇ ಸಲಕ್ಕೆ ಮೀನಖಂಡ ನಡುಗತೊಡಗಿತು. ಮೂರೇ ವಾರದಲ್ಲಿ ಪಾದ ಸೋಮಾರಿಯಾಗಿತ್ತು. ಟೀಚರ್ ಏನೂ ಹೇಳಲಿಲ್ಲ, ಹುಬ್ಬು ಮಾತ್ರ ಏರಿಸಿದರು.

ಒಂದೇ ದಿನ ಎರಡನ್ನೂ ಬೆರೆಸಿಯೂ ನೋಡಿದೆ. ಬೇಡವೇ ಬೇಡ. ಒಂದರ ಮೂತಿ ಅಗಲ, ಇನ್ನೊಂದರದ್ದು ಕಿರಿದು, ಭಾರ ನಿಲ್ಲುವ ಜಾಗವೇ ಬೇರೆ. ಪಿರುವೆಟ್ ಅಂದರೆ ಒಂಟಿ ಕಾಲಲ್ಲಿ ಸುತ್ತುವುದು, ಅದರಲ್ಲಿ ಅವತ್ತು ಒಂದೂ ನೆಟ್ಟಗೆ ಬರಲಿಲ್ಲ. ಬೇರೆ ಬೇರೆ ದಿನ ಹಾಕಿದರೆ ಬಾರ್‌ನಲ್ಲಿ ಹತ್ತು ನಿಮಿಷ ಸಾಕು, ಕಾಲು ನೆನಪು ಮಾಡಿಕೊಳ್ಳುತ್ತದೆ.

ಬೆರಳಿಗೆ ಹಾಕುವ ಪ್ಯಾಡ್ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಸಿಲಿಕೋನ್ ಪ್ಯಾಡ್ ನೋವು ಕಡಿಮೆ ಮಾಡುತ್ತದೆ, ಆದರೆ ಬೆವರು ಅಲ್ಲೇ ಮಡುಗಟ್ಟುತ್ತದೆ, ನೆಲ ಗೊತ್ತಾಗುವುದಿಲ್ಲ. ಕುರಿಯ ಉಣ್ಣೆ ಬೆವರು ಹೀರುತ್ತದೆ, ಎಲ್ಲಿ ಎಷ್ಟು ಬೇಕೋ ಅಷ್ಟು ಸುತ್ತಿಕೊಳ್ಳಬಹುದು. ನನ್ನ ಓಟು ಉಣ್ಣೆಗೆ.

ಈಗಿನ ನನ್ನ ಏರ್ಪಾಡು ಹೀಗಿದೆ. ಮಂಗಳವಾರ, ಗುರುವಾರ ಪಾಯಿಂಟ್ ಕ್ಲಾಸಿಗೆ ಗೋಂದಿನ ಒಂದು ಜೋಡಿ. ಉಳಿದ ಮೂರು ದಿನ ಪ್ಲಾಸ್ಟಿಕ್. ಗೋಂದಿನದಕ್ಕೆ ವಾರಕ್ಕೆ ಒಂದೂವರೆ ಗಂಟೆಯಷ್ಟೇ ಕೆಲಸ, ಒಣಗಲು ಬೇಕಾದಷ್ಟು ಸಮಯ. ಎರಡು ತಿಂಗಳು ಬರಬಹುದು, ಅಂದರೆ ಎರಡು ತಿಂಗಳಿಗೆ ಒಮ್ಮೆ ಹೊಲಿಗೆ. ನನಗೆ ಬೇಕಿದ್ದ ನಿದ್ದೆ ಸಿಕ್ಕಿದ್ದು ಇಲ್ಲೇ.

ಆದರೆ ನೀವು 12, 13 ವರ್ಷದವರಾದರೆ ಪ್ಲಾಸ್ಟಿಕ್ ಕಡೆ ತಿರುಗಿಯೂ ನೋಡಬೇಡಿ ಅನ್ನುತ್ತೇನೆ. ನಿಮ್ಮ ಪಾದ ಇನ್ನೂ ಬೆಳೆಯುತ್ತಿದೆ. ಶೂ ಬಾಳಿಕೆ ಬರುತ್ತದೆ, ಅದರೊಳಗೆ ಕಾಲು ಹಿಡಿಸುವುದಿಲ್ಲ. ಪಾದದ ಬಲ ಕಟ್ಟುವ ವಯಸ್ಸೂ ಅದೇ. ವಾರಕ್ಕೆ ಎರಡೇ ಪಾಯಿಂಟ್ ಕ್ಲಾಸ್ ಇರುವವರಿಗೆ ಗೋಂದಿನ ಒಂದು ಜೋಡಿ ಧಾರಾಳ. ದಿನ ಬಿಟ್ಟು ದಿನ ಅಲ್ಲ, ದಿನಾ ಪಾಯಿಂಟ್ ಇರುವವರು ಮಾತ್ರ ಎರಡು ಜೋಡಿಯ ಸರದಿ ಬಗ್ಗೆ ಯೋಚಿಸಿ. ಕೊಳ್ಳುವಾಗ ಎರಡನ್ನೂ ಒಟ್ಟಿಗೆ ಹಾಕಿ ನೋಡಿ, ಎಡಕ್ಕೊಂದು ಬಲಕ್ಕೊಂದು.

ಇನ್ನು ಕಾಸು ಬೇಡದ ಉಪಾಯ ಒಂದಿದೆ. ರಿಹರ್ಸಲ್ ಅಂದರೆ ಅರ್ಧ ಹೊತ್ತು ಕಾಯುವುದೇ. ನಾವು ಪಾಯಿಂಟ್ ಶೂ ಕಟ್ಟಿಕೊಂಡೇ ಗೋಡೆಗೆ ಒರಗಿ ಕೂತಿರುತ್ತಿದ್ದೆವು, ಬೆವರು ಇಳಿಯುತ್ತಲೇ ಇರುತ್ತಿತ್ತು. ಈಗ ಹತ್ತು ನಿಮಿಷ ಬಿಡುವು ಸಿಕ್ಕರೂ ಬಿಚ್ಚಿಡುತ್ತೇನೆ. ಬುಧವಾರಗಳಲ್ಲಿ ಹೆಚ್ಚಾಗಿ ಯಾರು ಎಲ್ಲಿ ನಿಲ್ಲಬೇಕು, ಯಾವ ಸಾಲು ಮೊದಲು ಓಡಬೇಕು ಅನ್ನುವುದಷ್ಟೇ ಇರುತ್ತದೆ. ಅದಕ್ಕೆ ಮೆತ್ತನೆಯ ಶೂ ಸಾಕಲ್ವಾ ಅಂತ ಟೀಚರ್ ಹತ್ತಿರ ಕೇಳಿದೆ. "ಸಾಕು, ಯಾರೂ ಕೇಳಲೇ ಇಲ್ಲವಲ್ಲ" ಅಂದರು. ನಾನು ಕೇಳಿದ್ದು ಹನ್ನೊಂದನೇ ವಾರದಲ್ಲಿ.