ಹಿತ್ತಿಲ ಈರುಳ್ಳಿ: ಬೀಜವೋ, ಸಸಿಯೋ, ಗೆಡ್ಡೆಯೋ?

ಮೈಸೂರಿನ ಮನೆಯ ಹಿತ್ತಿಲಲ್ಲಿ ಈರುಳ್ಳಿಗೆ ಬೀಜ ಬಿತ್ತಬೇಕೇ, ಸಸಿ ನೆಡಬೇಕೇ, ಗೆಡ್ಡೆ ಊರಬೇಕೇ ಎಂದು ಕೇಳಿದ್ದೀರಿ.

ಖರ್ಚಿನಲ್ಲಿ ಬೀಜವೇ ಅಗ್ಗ. ತಳಿಯ ಆಯ್ಕೆಯೂ ನಿಮ್ಮದೇ. ಮಳೆಗಾಲಕ್ಕೆ ಅರ್ಕಾ ಕಲ್ಯಾಣ್, ಹಿಂಗಾರಿಗೆ ಅರ್ಕಾ ನಿಕೇತನ್ ಹೊಂದುತ್ತವೆ. ಆದರೆ ಈರುಳ್ಳಿ ಬೀಜದ ಆಯುಸ್ಸು ಬಲು ಕಡಿಮೆ, ವರ್ಷ ದಾಟಿದರೆ ಮೊಳಕೆ ಕುಸಿಯುತ್ತದೆ. ಪೊಟ್ಟಣದ ಮೇಲಿನ ದಿನಾಂಕ ನೋಡದೆ ದಯವಿಟ್ಟು ಕೊಳ್ಳಬೇಡಿ. ಹಳೆಯ ಬೀಜ ನಂಬಿ ನಾನು ಇಡೀ ಒಂದು ಹಂಗಾಮು ಕಳೆದುಕೊಂಡಿದ್ದೇನೆ.

ಸಸಿಗೆ ದುಡ್ಡು ಹೆಚ್ಚು. ಆದರೆ ಸಸಿಮಡಿಯನ್ನು ಕಾಯುವ ಆರೇಳು ವಾರ ಉಳಿಯುತ್ತದೆ. ಸಾಲಿನಿಂದ ಸಾಲಿಗೆ 15 ಸೆಂ.ಮೀ., ಸಸಿಯಿಂದ ಸಸಿಗೆ 10 ಸೆಂ.ಮೀ. ಬಿಟ್ಟು ನೆಟ್ಟರೆ ಗೆಡ್ಡೆ ದಪ್ಪ ಕಟ್ಟುತ್ತದೆ. ಮೊದಲ ಸಲ ಬೆಳೆಯುವವರಿಗೆ, ಜಾಗವಿದ್ದರೆ, ಇದನ್ನೇ ಹೇಳುತ್ತೇನೆ.

ಸುಲಭದಲ್ಲಿ ಗೆಡ್ಡೆಗೆ ಸಾಟಿಯಿಲ್ಲ. ಅಡುಗೆಮನೆಯಲ್ಲಿ ಮೊಳೆತ ಈರುಳ್ಳಿಯನ್ನು ಕುಂಡದಲ್ಲಿ ಊರಿದರೆ ಮೂರ್ನಾಲ್ಕು ವಾರದಲ್ಲಿ ಪಲ್ಯಕ್ಕೆ ಸೊಪ್ಪು ಸಿಗುತ್ತದೆ. ದಪ್ಪ ಈರುಳ್ಳಿಯನ್ನು ಮಾತ್ರ ನಿರೀಕ್ಷಿಸಬೇಡಿ, ಅದು ಹೂದಂಟು ಎತ್ತುತ್ತದೆ. ಸಾಂಬಾರ್ ಈರುಳ್ಳಿಯಾದರೆ ಒಂದು ಗೆಡ್ಡೆಯಿಂದ ಗೊಂಚಲೇ ಬರುತ್ತದೆ. ಬಿಸಿಲು ಬೀಳುವ ಬಾಲ್ಕನಿಗೆ ಅದು ಚೆನ್ನು.

ನೀರು ನಿಲ್ಲುವ ನೆಲ ಮೂರಕ್ಕೂ ಆಗದು. ಮಂಡ್ಯದ ಕಡೆ ಕಾಲುವೆ ಬದಿಯ ಜೌಗು ಹಿತ್ತಿಲಾದರೆ ಏರುಮಡಿ ಮಾಡಿಕೊಂಡೇ ಶುರುಮಾಡಿ.