ವಿಜಯಪುರದ ಓಟಗಾರರೇ, ಬಿಲ್ ಕೊಡದ ಅಂಗಡಿಯಿಂದ ಪ್ರೋಟೀನ್ ಡಬ್ಬಿ ತರಬೇಡಿ

ಬೆಳಿಗ್ಗೆ ಅಂಬೇಡ್ಕರ್ ಸ್ಟೇಡಿಯಂಗೆ ಮಕ್ಕಳನ್ನು ಪ್ರಾಕ್ಟೀಸಿಗೆ ಕಳಿಸುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನನ್ನ ತಮ್ಮ 100 ಮತ್ತು 200 ಮೀಟರ್ ಓಟಗಾರ. ಈಗ 3 ವರ್ಷ ಯಾವ ಕೂಟದಲ್ಲೂ ಓಡುವಂತಿಲ್ಲ. ಡೋಪ್ ಟೆಸ್ಟ್‌ನಲ್ಲಿ, ಅಂದರೆ ನಿಷೇಧಿತ ಮದ್ದಿನ ಪರೀಕ್ಷೆಯಲ್ಲಿ, ಸಿಕ್ಕಿಬಿದ್ದ. ಕಾರಣ, ಪ್ರೋಟೀನ್ ಪುಡಿ ಮಾರುವ ನಮ್ಮೂರ ಒಂದು ಸಪ್ಲಿಮೆಂಟ್ ಅಂಗಡಿ.

ನಾವು ಇಂಡಿ ಕಡೆಯವರು. ನಿಂಬೆಹಣ್ಣು ಮಾರಿದ ದುಡ್ಡಲ್ಲಿ ಅವನಿಗೆ ಸ್ಪೈಕ್ಸ್, ಹಾಲು, ಮೊಟ್ಟೆ, ಎಲ್ಲ. ಜೊತೆಗೆ ಓಡುವ ಹುಡುಗರು ಪ್ರೋಟೀನ್ ತಗೋತಾರೆ ಅಂತ ಇವನೂ ಕೇಳಿದ. ಡಬ್ಬಿ ತರುವಾಗ ಅಂಗಡಿಯವನ ಮುಂದೆ ಸ್ಪಷ್ಟವಾಗಿ ಹೇಳಿದ್ದೆ, ಹುಡುಗ ನ್ಯಾಷನಲ್ ಮೀಟ್‌ಗೆ ಹೋಗ್ತಾನೆ, ಡೋಪ್ ಟೆಸ್ಟ್ ಇರುತ್ತೆ ಅಂತ. ಅವನ ಉತ್ತರ: "ಅಣ್ಣಾರ, ಇದು ಪೂರಾ ವೆಜ್ ಐತ್ರಿ. ಏನೂ ಆಗಂಗಿಲ್ಲ." ಬಿಲ್ ಕೇಳಿದೆ. "ಬಿಲ್ ಯಾಕ್ರೀ, ಮನಿ ಮಂದಿ ಇದ್ದಂಗ ನೀವು. ಬಿಲ್ ಹಾಕಿದ್ರ ರೇಟ್ ಜಾಸ್ತಿ ಆಗ್ತೈತಿ." ಮೇಲಿಂದ ಒಂದು ಸಣ್ಣ ಪ್ಲಾಸ್ಟಿಕ್ ಪೊಟ್ಟಣದಲ್ಲಿ ಬಿಳಿ ಗುಳಿಗೆ ಹಾಕಿಕೊಟ್ಟ. ಸ್ಟ್ರಿಪ್ ಇಲ್ಲ, ಹೆಸರಿಲ್ಲ. "ರಿಕವರಿ ಗುಳಿಗಿ, ನನ್ನ ಕಡಿಂದ ಫ್ರೀ."

ಫ್ರೀ! ಆ ಮಾತು ನೆನಪಾದರೆ ಈಗಲೂ ಮೈ ಉರಿಯುತ್ತೆ.

ಮೀಟ್‌ನಲ್ಲಿ ನಾಡಾದವರು (ಡೋಪಿಂಗ್ ತಡೆಯುವ ರಾಷ್ಟ್ರೀಯ ಸಂಸ್ಥೆ) ಸ್ಯಾಂಪಲ್ ತಗೊಂಡರು. ಅಧಿಕಾರಿ ಎದುರಿಗೇ ಮೂತ್ರ ಕೊಡಬೇಕು, ಎ ಮತ್ತು ಬಿ ಅಂತ ಎರಡು ಬಾಟಲಿಗೆ ಸೀಲ್ ಹಾಕ್ತಾರೆ, ನಿಮಗೆ ಗೊತ್ತೇ ಇದೆ. ಏನೇನು ತಗೊಂಡಿದ್ದೀಯ ಅಂತ ಫಾರಂನಲ್ಲಿ ಬರೆಯಬೇಕು. ಪ್ರೋಟೀನ್ ಅಂತ ಬರೆದ. ಗುಳಿಗೆಗೆ ಏನಂತ ಬರೆಯೋದು? ಅದಕ್ಕೆ ಹೆಸರೇ ಇರಲಿಲ್ಲವಲ್ಲ! ಆಮೇಲೆ ಮೇಲ್ ಬಂತು. ಸ್ಟಾನೊಝೊಲಾಲ್. 1988ರ ಸಿಯೋಲ್ ಒಲಿಂಪಿಕ್ಸ್‌ನಲ್ಲಿ ಬೆನ್ ಜಾನ್ಸನ್ 9.79 ಸೆಕೆಂಡಿನಲ್ಲಿ 100 ಮೀಟರ್ ಓಡಿ ಚಿನ್ನ ಕಳೆದುಕೊಂಡನಲ್ಲ, ಅದೇ ಸ್ಟೆರಾಯ್ಡ್, ಸ್ನಾಯು ಬೆಳೆಸುವ ನಿಷೇಧಿತ ಮದ್ದು. ಅದು ಇಂಡಿಯ ಹುಡುಗನ ಮೈಗೆ ಬಂದಿದ್ದು ಫ್ರೀ ಪೊಟ್ಟಣದಲ್ಲಿ.

ಅಂಗಡಿಗೆ ಓಡಿದೆ. ಜಗಳಕ್ಕಲ್ಲ. ತಪ್ಪು ಹುಡುಗನದಲ್ಲ ಅಂತ ತೋರಿಸೋಕೆ ನಮಗೆ ಬಿಲ್ ಬೇಕಿತ್ತು, ಅದೇ ಬ್ಯಾಚ್‌ನ ಸೀಲ್ ಒಡೆಯದ ಡಬ್ಬಿ ಬೇಕಿತ್ತು. ಅವನು ಮೊಬೈಲಿನಿಂದ ತಲೆ ಎತ್ತದೇ "ಯಾವ ಡಬ್ಬಿ ರೀ?" ಅಂದ. ತಮ್ಮನ ಮುಖ ನೋಡಿ, "ಇವ್ರು ನಮ್ಮಲ್ಲಿ ಬಂದೇ ಇಲ್ರಲ್ಲಾ." ಹೋದ ತಿಂಗಳವರೆಗೆ "ಬಾರೋ ಚಾಂಪಿಯನ್" ಅಂತ ಹೆಗಲ ಮೇಲೆ ಕೈ ಹಾಕಿ ಮಾತಾಡಿಸುತ್ತಿದ್ದವನು! ನಾನು ದನಿ ಏರಿಸಿದಾಗ, "ನಾ ಏನ್ ನಿಮ್ಮ ತಮ್ಮನ ಬಾಯಿ ತಗದು ಹಾಕೀನೇನ್ರಿ? ದೊಡ್ಡ ದೊಡ್ಡವ್ರೆಲ್ಲಾ ತಗೋತಾರ."

ಮನೆಗೆ ಬಂದು ಉಳಿದಿದ್ದ ಅರ್ಧ ಡಬ್ಬಿ ತೆಗೆದು ನೋಡಿದೆ. ಲೇಬಲ್‌ನ ಮೂಲೆ ಸ್ವಲ್ಪ ಎದ್ದಿತ್ತು. ಉಗುರಿನಿಂದ ಎಳೆದರೆ ಪೂರ್ತಿ ಕಿತ್ತುಬಂತು. ಅದರ ಕೆಳಗೆ ಇನ್ನೊಂದು ಲೇಬಲ್, ಬೇರೆ ಕಂಪನಿ ಹೆಸರು, ತಾರೀಕಿನ ಮೇಲೆ ಕರಿ ಶಾಯಿ. ಡಬ್ಬಿಯೇ ಸುಳ್ಳು! ಫೋಟೋ ತೆಗೆದು ಅಂಗಡಿಯವನಿಗೆ ವಾಟ್ಸಾಪ್ ಮಾಡಿದೆ. ನೀಲಿ ಟಿಕ್ ಬಂತು. ಆಮೇಲೆ ಬ್ಲಾಕ್.

ಇದಕ್ಕೂ ಮೊದಲು ತಂದಿದ್ದ ಡಬ್ಬಿಯನ್ನು ಅವ್ವ ಯಾವತ್ತೋ ತೊಳೆದು ಶೇಂಗಾ ಹಿಂಡಿ ತುಂಬಿಟ್ಟಿದ್ದಳು. ಗುಳಿಗೆ ಮುಗಿದಿತ್ತು. ಸೀಲ್ ಒಡೆದ ಅರ್ಧ ಡಬ್ಬಿಗೆ ಸಾಕ್ಷಿಯಾಗಿ ಬೆಲೆ ಇಲ್ಲ. ನೀವೇ ಏನಾದರೂ ಬೆರೆಸಿರಬಹುದು ಅಂತಾರೆ.

"ದೊಡ್ಡವರು" ಅಂದನಲ್ಲ, ಅವರ ಕಥೆ ನೋಡಿ. ಜಮೈಕಾದ ಓಟಗಾರ ಆಸಾಫಾ ಪೊವೆಲ್ 2013ರಲ್ಲಿ ಸಿಕ್ಕಿಬಿದ್ದ. ಸಪ್ಲಿಮೆಂಟ್‌ನಿಂದ ಬಂದಿದ್ದು ಅಂತ ತೋರಿಸಿ, ಮೇಲಿನ ಕೋರ್ಟಿಗೆ ಹೋಗಿ, 18 ತಿಂಗಳ ನಿಷೇಧವನ್ನು 6ಕ್ಕೆ ಇಳಿಸಿಕೊಂಡ. ವಕೀಲರಿದ್ದರು, ದುಡ್ಡಿತ್ತು. ನಮ್ಮದೇ ರಾಜ್ಯದ ಓಟಗಾರ್ತಿ ಅಶ್ವಿನಿ ಅಕ್ಕುಂಜಿ 2010ರ ಏಷ್ಯನ್ ಗೇಮ್ಸ್‌ನಲ್ಲಿ ಎರಡು ಚಿನ್ನ ಗೆದ್ದವರು. 2011ರಲ್ಲಿ ಟೆಸ್ಟ್ ಪಾಸಿಟಿವ್ ಬಂತು. ಕೋಚ್ ಕೊಟ್ಟ ಜಿನ್ಸೆಂಗ್ ಅನ್ನೋ ಬೇರಿನ ಮದ್ದಿನಿಂದ ಆಗಿದ್ದು ಅಂತ ಹೇಳಿದರು. ಕೋಚ್‌ನನ್ನು ಕೆಲಸದಿಂದ ತೆಗೆದರು, ಆದರೂ ನಿಷೇಧ ತಪ್ಪಲಿಲ್ಲ. ಮೊದಲು ಕೊಟ್ಟಿದ್ದ 1 ವರ್ಷ ಆಮೇಲೆ 2 ಆಯಿತು, ಲಂಡನ್ ಒಲಿಂಪಿಕ್ಸ್ ಕೈತಪ್ಪಿತು. ನಿಯಮ ಅಷ್ಟೇ: ಮೈಯಲ್ಲಿ ಸಿಕ್ಕಿತಾ, ಹೊಣೆ ಓಟಗಾರನದು. ಕೊಟ್ಟವನು ಯಾರು ಅಂತ ತೋರಿಸೋದೂ ಅವನ ತಲೆಗೇ.

ಸ್ಟೆರಾಯ್ಡ್‌ಗೆ 4 ವರ್ಷ ನಿಷೇಧ. ಆರೋಪದ ನೋಟಿಸ್ ಬಂದ 20 ದಿನದೊಳಗೆ ಒಪ್ಪಿಕೊಂಡು ಸಹಿ ಹಾಕಿದರೆ 1 ವರ್ಷ ಕಡಿಮೆ. ಬಿಲ್ ಇಲ್ಲದೆ ಏನಂತ ವಾದ ಮಾಡೋದು? ಮಾಡದ ಮೋಸಕ್ಕೆ ಹುಡುಗ ಸಹಿ ಹಾಕಿದ. ಪೆನ್ನು ಕೊಟ್ಟವನು ನಾನೇ. ರೈಲ್ವೆ ಸ್ಪೋರ್ಟ್ಸ್ ಕೋಟಾ ಟ್ರಯಲ್ ಹೋಯಿತು. ಕ್ಲಬ್ ಹುಡುಗರ ಜೊತೆ ಪ್ರಾಕ್ಟೀಸ್ ಕೂಡ ಇಲ್ಲ, ನಿಷೇಧದ ಕೊನೇ ಎರಡು ತಿಂಗಳಲ್ಲಿ ಮಾತ್ರ ಬಿಡ್ತಾರೆ. ಸ್ಪ್ರಿಂಟರ್‌ಗೆ 20ರಿಂದ 23ರ ವಯಸ್ಸು ಅಂದರೆ ಏನು ಅಂತ ಓಡಿದವರಿಗೆ ಹೇಳಬೇಕಾಗಿಲ್ಲ. ಊರಲ್ಲಿ "ಇಂಜೆಕ್ಷನ್ ಹೊಡ್ಕೊಂಡು ಓಡ್ತಿದ್ನಂತ" ಅಂತಾರೆ. ಅವ್ವ ಸಂತೆಗೆ ಹೋಗೋದು ಬಿಟ್ಟಿದ್ದಾಳೆ. ಅಂಗಡಿಗೆ ಏನಾಯಿತು? ಏನೂ ಇಲ್ಲ, ಮೊನ್ನೆ ಹೊಸ ಎಸಿ ಹಾಕಿಸಿದ್ದಾನೆ.

ಬಿಲ್ ಕೊಡಲ್ಲ ಅಂದರೆ ಅಲ್ಲಿಂದಲೇ ವಾಪಸ್ ಬನ್ನಿ. ಬಿಡಿ ಗುಳಿಗೆ ಮುಟ್ಟಲೇಬೇಡಿ. ನಾಡಾದ ನೋ ಯುವರ್ ಮೆಡಿಸಿನ್ ಆ್ಯಪ್‌ನಲ್ಲಿ ಔಷಧಿ ಹೆಸರು ಹಾಕಿ ನೋಡಬಹುದು, ಹೆಸರಿಲ್ಲದ್ದಕ್ಕೆ ಏನು ಹಾಕ್ತೀರಿ? ನನ್ನನ್ನು ಕೇಳಿದರೆ ಡಬ್ಬಿಯೇ ಬೇಡ, ಶೇಂಗಾ ತಿನ್ನಲಿ.

ಅಂಗಡಿ ಹೆಸರು ಬರೆದರೆ ಮಾನನಷ್ಟ ಕೇಸ್ ಹಾಕ್ತೀನಿ ಅಂತ ಬೇರೆ ನಂಬರಿನಿಂದ ಫೋನ್ ಮಾಡಿಸಿದ್ದಾನೆ. ಅವನಿಗೂ ಮಾನ ಇದೆಯಂತೆ! ಸ್ಟೇಡಿಯಂನಲ್ಲಿ ಸಿಕ್ಕಿದರೆ ಯಾವ ಅಂಗಡಿ ಅಂತ ಬಾಯಿಬಿಟ್ಟು ಹೇಳ್ತೀನಿ.