ಮ್ಯೂನಿಕ್‌ನ ಅಕ್ಟೋಬರ್‌ಫೆಸ್ಟ್: ಹಗಲಲ್ಲೇ ಹೋಗಿ

ಜರ್ಮನಿಯ ಮ್ಯೂನಿಕ್ ನಗರದ ಬಿಯರ್ ಜಾತ್ರೆ ಅಕ್ಟೋಬರ್‌ಫೆಸ್ಟ್ ಅಂದರೆ ಬರೀ ಕುಡಿತದ ಗಲಾಟೆ ಎಂದು ದೂರ ಉಳಿಯುವವರು ಇದನ್ನು ಓದಲೇಬೇಕು. ನಾನು ಅಮ್ಮನನ್ನು ಕರೆದುಕೊಂಡು ಹೋಗಿದ್ದೆ. ಅಮ್ಮ ಕುಡಿಯುವುದಿಲ್ಲ, ಮಾಂಸ ಮುಟ್ಟುವುದಿಲ್ಲ. ಆದರೂ ಸಂಜೆಯಾದರೂ ಹೊರಡುವ ಮಾತೇ ಇಲ್ಲ!

ಗುಟ್ಟು ಇರುವುದು ಹೊತ್ತಿನಲ್ಲಿ. ಸಂಜೆ 6ರವರೆಗೆ ದೊಡ್ಡ ಬಿಯರ್ ಟೆಂಟ್‌ಗಳಲ್ಲಿ ಸದ್ದು 85 ಡೆಸಿಬೆಲ್ ದಾಟುವಂತಿಲ್ಲ, ಹಳೇ ಧಾಟಿಯ ಬ್ಯಾಂಡ್ ಸಂಗೀತವೇ ನಡೆಯಬೇಕು. ಹಾಗಾಗಿ ಆರಾಮಾಗಿ ಮಾತಾಡಬಹುದು. ಉದ್ದನೆಯ ಬೆಂಚುಗಳಲ್ಲಿ ಗೊತ್ತಿಲ್ಲದವರ ಪಕ್ಕದಲ್ಲೇ ಕೂರಬೇಕು. ನಮ್ಮೆದುರು ಚರ್ಮದ ಚಡ್ಡಿ ತೊಟ್ಟ ಅಜ್ಜ ಒಬ್ಬರಿದ್ದರು. ಪ್ರತಿ ಸಲ 'ಪ್ರೋಸ್ಟ್' (ಚಿಯರ್ಸ್) ಅನ್ನುವಾಗಲೂ ಅಮ್ಮನ ಆಪಲ್ ಜ್ಯೂಸ್ ಲೋಟಕ್ಕೆ ತಮ್ಮ ಮಗ್ ತಾಗಿಸದೆ ಬಿಡಲಿಲ್ಲ.

ನನಗೆ ತುಂಬಾ ಹಿಡಿಸಿದ್ದು ಮೈದಾನದ ದಕ್ಷಿಣ ತುದಿಯ 'ಓಯ್ಡೆ ವೀಸ್ನ್', ಅಂದರೆ ಹಳೇ ಕಾಲದ ಜಾತ್ರೆ. 1810ರಲ್ಲಿ ಬವೇರಿಯಾ ರಾಜ್ಯದ ಯುವರಾಜ ಲುಡ್ವಿಗ್ ಮತ್ತು ತೆರೇಸಾ ಮದುವೆಗೆ ಇಲ್ಲಿ ಕುದುರೆ ಓಟ ನಡೆಯಿತು, ಮೈದಾನಕ್ಕೆ ಮದುಮಗಳ ಹೆಸರೇ ಬಂತು. ಅದರ 200ನೇ ವರ್ಷಕ್ಕೆ, 2010ರಲ್ಲಿ ಶುರುವಾದದ್ದು ಈ ಭಾಗ. ಇಲ್ಲಿನ ಶೂಪ್ಲಾಟ್ಲರ್ ಕುಣಿತವನ್ನು ಹತ್ತಿರದಿಂದ ನೋಡಬೇಕು. ಗಂಡಸರು ಹಾರಿ ಹಾರಿ ತೊಡೆ, ಮಂಡಿ, ಶೂಗಳ ಅಡಿಗೆ ಪಟಪಟ ಹೊಡೆಯುತ್ತಾರೆ. ತಾಳ ಒಂದಿಷ್ಟೂ ತಪ್ಪುವುದಿಲ್ಲ. ಅಂಗೈ ಕೆಂಪಾಗಿರುವುದು ಮುಂದಿನ ಸಾಲಿಗೂ ಕಾಣುತ್ತದೆ. ಹಳೇ ಮೆರ್ರಿ-ಗೋ-ರೌಂಡ್‌ಗಳೂ ಇವೆ, ಮಕ್ಕಳು ಇಳಿಯುವುದೇ ಇಲ್ಲ. ಇಲ್ಲಿಗೆ ಮಾತ್ರ 4 ಯೂರೊ ಟಿಕೆಟ್ ಇತ್ತು, ಉಳಿದ ಮೈದಾನಕ್ಕೆ ಪ್ರವೇಶ ಉಚಿತ. ಎಲ್ಲ ವರ್ಷವೂ ಈ ಭಾಗ ಇರುವುದಿಲ್ಲ, ಮೊದಲೇ ವಿಚಾರಿಸಿ.

ಊಟ? ಮೊಟ್ಟೆ ನಡೆಯುತ್ತದೆ ಅಂದರೆ ಚೀಸ್ ಬೆರೆಸಿದ ನೂಡಲ್ಸ್ 'ಕೇಸೆಶ್ಪೆಟ್ಸ್ಲೆ' ಬಿಸಿಬಿಸಿ ತಿನ್ನಿ, ಮೇಲೆ ಹುರಿದ ಈರುಳ್ಳಿ ಇರುತ್ತದೆ. ಸಕ್ಕರೆ ಪಾಕದಲ್ಲಿ ಹುರಿದ ಬಾದಾಮಿಯ ಪೊಟ್ಟಣ ಅಮ್ಮನ ಕೈಯಲ್ಲೇ ಖಾಲಿಯಾಯಿತು.

ಬೆಲೆ ಮಾತ್ರ ಜಾಸ್ತಿಯೇ. 2024ರಲ್ಲಿ ಒಂದು ಲೀಟರ್ ಬಿಯರ್‌ಗೆ 13.60ರಿಂದ 15.30 ಯೂರೊ ಇತ್ತು. ಊರಿನ ಜನ ಮನೆಮಂದಿಯೊಡನೆ ಬರುವ ಹಬ್ಬ ಅಲ್ವಾ, ಇಷ್ಟು ದುಬಾರಿ ಆಗಬಾರದು.

ಶನಿವಾರ ಬೇಡವೇ ಬೇಡ. ಟೆಂಟ್ ತುಂಬಿತೆಂದು ಬಾಗಿಲು ಹಾಕಿಬಿಡುತ್ತಾರೆ. ಮಂಗಳವಾರ ಕುಟುಂಬಗಳಿಗೆ ರಿಯಾಯಿತಿ ಇದೆ, ಸಂಜೆ 7ರವರೆಗೆ. ದೊಡ್ಡ ಬ್ಯಾಗ್ ಒಯ್ಯಬೇಡಿ, 3 ಲೀಟರ್‌ಗಿಂತ ದೊಡ್ಡದಾದರೆ ಒಳಗೆ ಬಿಡುವುದಿಲ್ಲ. ಯು-ಬಾನ್ ಎಂಬ ಮೆಟ್ರೊ ರೈಲಿನಲ್ಲಿ ತೆರೇಸಿಯೆನ್‌ವೀಸೆ ನಿಲ್ದಾಣಕ್ಕೆ ಹೋದರೆ ಮೇಲೆ ಬರುತ್ತಿದ್ದಂತೆ ಜಾತ್ರೆ.